ನಲವತ್ತು ದಿನದ ನೀರು

ಅವಳ ಕೈಬೆರಳಿನ ಉಗುರುಗಳು ಬೆರಳ ತುದಿಗಿಂತ ಒಂದು ಎಳ್ಳುಕಾಳಿನಷ್ಟು ಒಳಗೇ ನಿಲ್ಲುತ್ತಿದ್ದವು. ಕತ್ತರಿಸಿದ್ದಲ್ಲ, ಬಟ್ಟೆ ಒಗೆಯುವ ಕಲ್ಲಿಗೆ ಒಂದೊಂದಾಗಿ ಉಜ್ಜಿ ಸವೆಸಿದ್ದು. ಉಜ್ಜಿದ ಮೇಲೆ ತನ್ನ ಕೆನ್ನೆಯ ಮೇಲೆ ಎಳೆದು ನೋಡುತ್ತಿದ್ದಳು. ಎಲ್ಲಾದರೂ ತರಚಿದಂತೆ ಅನ್ನಿಸಿದರೆ ಮತ್ತೆ ಕಲ್ಲಿಗೆ ಹೋಗುತ್ತಿದ್ದಳು. "ಹಸೀ ಮೈ ಮುಟ್ಟೋ ಕೈ ಇದು. ಉಗುರು ಬೇಕು ಅನ್ನೋಳು ಹಂಡೆ ಉಜ್ಜಕ್ಕೆ ಹೋಗ್ಲಿ" ಎನ್ನುವುದು ಅವಳ ಮಾತು.

ನಮ್ಮ ಬೀದಿಯಲ್ಲಿ ಅವಳನ್ನು ನೀರು ಹಾಕುವ ಅಜ್ಜಿ ಎನ್ನುತ್ತಿದ್ದರು. ಹೆರಿಗೆ ಮಾಡಿಸುವವಳು ಬೇರೆ. ಇವಳ ಕೆಲಸ ಹೆರಿಗೆ ಮುಗಿದ ಮೇಲಿನದು. ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು, ಸಾಂಬ್ರಾಣಿ ಹೊಗೆ ಕೊಟ್ಟು ತಾಯಿಯ ಹೊಟ್ಟೆಗೆ ಬಟ್ಟೆ ಬಿಗಿಯುವುದು. ಒಂದು ಮನೆಗೆ ನಲವತ್ತು ದಿನ. ನಮ್ಮೂರು ಅರಸೀಕೆರೆಯಲ್ಲಿ ಎಣ್ಣೆಗೆ ಬರವಿಲ್ಲ, ಆದರೂ ಯಾರ ಮನೆಯ ಡಬ್ಬದ ಎಣ್ಣೆಯನ್ನೂ ಅವಳು ನಂಬುತ್ತಿರಲಿಲ್ಲ. ತಾನೇ ಗಾಣಕ್ಕೆ ಹೋಗಿ, ಕೊಬ್ಬರಿಯ ಚೂರನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಎತ್ತು ಸುತ್ತು ಮುಗಿಸುವವರೆಗೂ ನಿಂತು ಹಿಂಡಿಸಿಕೊಂಡು ಬರುತ್ತಿದ್ದಳು. ನೀರಿನ ಬಿಸಿಗೆ ಬಾಣಂತಿ ಕಿರುಚಿದರೆ, "ಹೆರುವಾಗ್ಲೇ ಬೀದಿಗೆಲ್ಲ ಕೇಳೋ ಹಂಗೆ ಕೂಗಿದೀಯ. ಇನ್ನೂ ಮಿಕ್ಕಿದ್ರೆ ಮುಂದಿನ ಹೆರಿಗೆಗೆ ಇಟ್ಕೋ ತಾಯಿ" ಎಂದು ಇನ್ನೊಂದು ಚೆಂಬು ಸುರಿಯುತ್ತಿದ್ದಳು. ಅತ್ತು ಕೂತಿದ್ದವರೂ ನಕ್ಕುಬಿಡುತ್ತಿದ್ದರು.

ಈ ಕೆಲಸಕ್ಕೆ ಒಂದು ಕಟ್ಟು ಇತ್ತು. ಹೆತ್ತವಳೇ ನೀರು ಹಾಕಬೇಕು, ಹೆತ್ತವಳೇ ಎಳೆಗೂಸನ್ನು ಎತ್ತಬೇಕು. ಹೆರದವಳ ಕೈ ಬಿದ್ದರೆ ತಾಯಿಯ ಹಾಲು ಬತ್ತುತ್ತದೆ, ಮಗು ಸೊರಗುತ್ತದೆ ಎನ್ನುತ್ತಿದ್ದರು. ಅವಳು ಮಾದಿಹಳ್ಳಿಯಿಂದ ಒಬ್ಬಳೇ ಬಂದವಳು. ಮೊದಲ ಸಲ ಯಾರೋ ಕೇಳಿದಾಗ, "ನಂದೂ ಒಂದು ಗಂಡುಕೂಸು ಇತ್ತು, ಮೂರು ತಿಂಗ್ಳಿಗೆ ಹೋಯ್ತು" ಎಂದಿದ್ದಳಂತೆ. ಅದರ ಮೇಲೆ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬಚ್ಚಲಲ್ಲಿ ಸೀರೆ ಎತ್ತಿ ಕಟ್ಟಿ ಬಾಗಿದಾಗ ಅವಳ ಹೊಟ್ಟೆಯ ಮೇಲೆ ಬೆಳ್ಳಗಿನ ಗೆರೆಗಳು ಕಾಣುತ್ತಿದ್ದವು. ಹೆಂಗಸರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅವಳು ಮದುವೆಯಾಗದ ನನ್ನ ಮೈಗೆ ಎಣ್ಣೆ ಹಚ್ಚಲು ಬಂದದ್ದು ಹೇಗೆಂದು ಹೇಳಬೇಕು. ಇದನ್ನು ಈವರೆಗೆ ನಾನು ಎಲ್ಲಿಯೂ ಹೇಳಿಲ್ಲ.

ನನಗೆ ಹದಿನಾರು ತುಂಬುವ ಮೊದಲು ವಿಷಮಶೀತ ಜ್ವರ ಬಂತು. ಇಪ್ಪತ್ತೆಂಟು ದಿನ ಮಲಗಿದ್ದೆ. ಜ್ವರ ಬಿಟ್ಟ ಮೇಲೆ ಹವಾ ಬದಲಾಗಲಿ ಎಂದು ಬಾಣಾವರದ ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ನಾಲ್ಕು ತಿಂಗಳಿದ್ದೆ. ಹಸಿವು ಹೇಗೆ ಬಂತೆಂದರೆ ಅತ್ತೆ ರೊಟ್ಟಿ ತಟ್ಟುವುದಕ್ಕೂ ನಾನು ತಿನ್ನುವುದಕ್ಕೂ ಪಂದ್ಯ ಕಟ್ಟಿದಂತಿತ್ತು. ನಾಲ್ಕು ಬೆರಳು ಎತ್ತರ ಬೆಳೆದೆ. ಮನೆಗೆ ಬಂದ ಮೊದಲ ಶುಕ್ರವಾರ ಅಮ್ಮ ಎಣ್ಣೆನೀರು ಹಾಕುವಾಗ ಕೈ ನಿಲ್ಲಿಸಿದಳು. ಸೊಂಟದ ಎರಡು ಪಕ್ಕ, ಹೊಟ್ಟೆಯ ಕೆಳಭಾಗ, ತೊಡೆಯ ಹೊರಬದಿ, ಎಲ್ಲ ಕಡೆ ನೇರಳೆಗೆಂಪು ಗೆರೆಗಳು. ಬೆರಳಿಟ್ಟರೆ ಚರ್ಮ ಅಲ್ಲಿ ತಗ್ಗಾಗಿ, ಒದ್ದೆ ಕಾಗದದಂತೆ ತೆಳ್ಳಗಿತ್ತು. ನಾನು ಅವನ್ನು ಎಣಿಸಿದ್ದೆ. ಎಷ್ಟು ಎಂದು ಬರೆಯುವುದಿಲ್ಲ.

ಆಗ ಬೇಲೂರಿನ ಒಂದು ಮನೆಯಲ್ಲಿ ನನ್ನ ಮದುವೆ ನಿಶ್ಚಯವಾಗಿತ್ತು. ಮದುವೆಯ ಹಿಂದಿನ ದಿನ ಅರಿಸಿನ ಎಣ್ಣೆಯ ಶಾಸ್ತ್ರಕ್ಕೆ ಗಂಡಿನ ಕಡೆಯ ಮುತ್ತೈದೆಯರು ಬರುತ್ತಾರೆ, ಹುಡುಗಿಯ ಮೈಗೆ ತಾವೇ ಕೈಯಾರೆ ಹಚ್ಚುತ್ತಾರೆ. ಬಸಿರಿನ ಗೆರೆಯಂಥ ಗೆರೆಗಳನ್ನು ಕಂಡರೆ ಏನೆಂದಾರು? ಅಮ್ಮನಿಗೆ ನಿದ್ದೆ ಹೋಯಿತು. ಆಸ್ಪತ್ರೆಯ ಲೇಡಿ ಡಾಕ್ಟರು ಬೆಳಕಿಗೆ ನಿಲ್ಲಿಸಿ ನೋಡಿ, "ಮೈ ಬೇಗ ತುಂಬಿಕೊಂಡಿದೆ, ಚರ್ಮ ಒಳಗಡೆ ಎಳೆದು ಬಿರಿದಿದೆ. ಇದು ಕಾಯಿಲೆ ಅಲ್ಲ, ಇದಕ್ಕೆ ಔಷಧಿ ಇಲ್ಲ. ಎರಡು ವರ್ಷದಲ್ಲಿ ಬಣ್ಣ ಇಳಿಯುತ್ತೆ" ಎಂದರು. ಮದುವೆಗೆ ನಾಲ್ಕು ತಿಂಗಳಿತ್ತು. ಅಮ್ಮ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ನನ್ನನ್ನು ಕರೆದುಕೊಂಡು ನೆಟ್ಟಗೆ ಅಜ್ಜಿಯ ಗುಡಿಸಲಿಗೆ ಹೋದಳು.

ಅಜ್ಜಿ ಹೆಬ್ಬೆರಳಿನಿಂದ ಒಂದೊಂದೇ ಗೆರೆಯನ್ನು ಉದ್ದಕ್ಕೂ ಸವರಿ ನೋಡಿದಳು. "ಇದು ಹೋಗಕಿಲ್ಲ ಅಮ್ಮಾರೇ. ಬಟ್ಟೆ ಮೇಲೆ ಹರಿದ್ರೆ ಹೊಲೀಬೋದು. ಇದು ಒಳಗಡೆ ಹರಿದೈತೆ. ನಾನು ಮೇಲೆ ಎಣ್ಣೆ ಹಚ್ಚಿದ್ರೆ ಒಳಗೆ ಹೊಲಿಗೆ ಬೀಳ್ತದಾ? ತುರಿಕೆ ನಿಲ್ತದೆ, ಮೈ ಮೆತ್ತಗಾಯ್ತದೆ, ಅಷ್ಟೇಯ."

"ಬಾಣಂತಿಯರಿಗೆಲ್ಲ ಹಚ್ಚಿ ಹೋಗಿಸ್ತೀಯಂತಲ್ಲ?"

"ಯಾರು ಹೇಳಿದ್ದು? ಅವರಿಗೂ ಹೋಗಕಿಲ್ಲ. ಕೆಂಪಿದ್ದದ್ದು ಬೆಳ್ಳಗಾಯ್ತದೆ. ಅವರು ನನ್ನ ಕೈಗುಣ ಅಂತಾರೆ, ನಾನು ಸುಮ್ನಿರ್ತೀನಿ."

ಅಮ್ಮ ಅಲ್ಲೇ ಅತ್ತಳು. ಅಜ್ಜಿ ತನ್ನ ಉಗುರುಗಳನ್ನೇ ನೋಡಿಕೊಂಡು ಕೂತು, "ಆಗ್ಲಿ, ಬತ್ತೀನಿ" ಎಂದಳು.

ಹೀಗೆ ಶುರುವಾಯಿತು. ಮುಂಜಾನೆ ಅವಳು ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. ಮೊದಲು ಕೊಬ್ಬರಿ ಎಣ್ಣೆ, ಕೈ ತಡೆಯುವಷ್ಟು ಬೆಚ್ಚಗೆ, ಹೊಟ್ಟೆಯ ಮೇಲೆ ಕೆಳಗಿನಿಂದ ಮೇಲಕ್ಕೆ, ಸೊಂಟಕ್ಕೆ ಸುತ್ತು ಸುತ್ತಾಗಿ. ಅದು ಹತ್ತು ದಿನ. ಆಮೇಲೆ ಹರಳೆಣ್ಣೆ. ಅದರ ಅಂಟು ಬಿಡಿಸಲು ಕಡಲೆಹಿಟ್ಟು, ಹೆಸರುಹಿಟ್ಟು, ಕಸ್ತೂರಿ ಅರಿಸಿನ. ಲೋಳೆಸರವನ್ನು ಸೀಳಿ ಒಳಗಿನ ತಿರುಳನ್ನು ಹಚ್ಚಿದಳು. ಕಂಚಿನ ತಟ್ಟೆಯಲ್ಲಿ ಹಸುವಿನ ತುಪ್ಪ ಹಾಕಿ, ನೀರು ಬೆರೆಸಿ ಅಂಗೈಯಲ್ಲಿ ಉಜ್ಜಿ, ನೀರು ಚೆಲ್ಲಿ ಮತ್ತೆ ಬೆರೆಸಿ, ನೂರು ಸಲ ತೊಳೆದಳು. ಕೊನೆಗೆ ಅದು ಬೆಣ್ಣೆಯಂತೆ ಬೆಳ್ಳಗೆ ಉಬ್ಬಿ ಬಂದು, ಹಚ್ಚಿದರೆ ಮೈ ತಣ್ಣಗಾಗುತ್ತಿತ್ತು. ಅಮ್ಮ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಮದರಾಸಿನಿಂದ ಅಂಚೆಯ ವಿ.ಪಿ.ಪಿ.ಯಲ್ಲಿ ಒಂದು ಡಬ್ಬಿ ಮುಲಾಮು ತರಿಸಿದಳು. ಎರಡೇ ದಿನಕ್ಕೆ ಸೊಂಟದ ಚರ್ಮ ಸುಟ್ಟು ಗುಳ್ಳೆ ಎದ್ದವು. ಅಜ್ಜಿ ಆ ಡಬ್ಬಿಯನ್ನು ಮೂಸಿ, "ಇದರಾಗೆ ದೀಪದ ಕಂಬ ಉಜ್ಜಿ ಅಮ್ಮಾರೇ, ಫಳಫಳ ಅಂತದೆ" ಎಂದಳು.

ನನಗೆ ಆ ಬೆಳಗುಗಳು ಮೊದಮೊದಲು ಅಸಹ್ಯವಾಗಿದ್ದವು. ನನ್ನ ಮೈಯನ್ನು ಇನ್ನೊಬ್ಬರು ನೋಡುವುದನ್ನು ನಾನು ಎಂದೂ ಸಹಿಸಿದವಳಲ್ಲ. ಅವಳಿಗೆ ಅದು ತಿಳಿಯಿತು. ನೋಡದೆಯೇ ಹಚ್ಚುತ್ತಿದ್ದಳು, ಕಣ್ಣನ್ನು ಒಲೆಯ ಮೇಲೋ ಸೂರಿನ ಮೇಲೋ ಇಟ್ಟುಕೊಂಡು. "ನನ್ನ ಕಣ್ಣು ಬೆರಳಿನಾಗೈತೆ ಮಗಾ, ನೀನು ನಾಚ್ಕೋಬ್ಯಾಡ" ಎನ್ನುತ್ತಿದ್ದಳು. ಶಾಲೆಯಲ್ಲಿ ಏನು ಓದುತ್ತಿದ್ದೆ ಎಂದು ಕೇಳುತ್ತಿದ್ದಳು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದಾಗ, "ಗಾಣದ ಎತ್ತಿನಂಗೆ ಅನ್ನು. ಎಣ್ಣೆ ಯಾರು ಹಿಡ್ಕೊಂತಾರೆ?" ಎಂದಳು.

ಗೆರೆಗಳ ಬಣ್ಣ ಒಂದಿಷ್ಟು ಇಳಿಯಿತು. ಅದು ಎಣ್ಣೆಯಿಂದಲೋ ದಿನ ಕಳೆದದ್ದರಿಂದಲೋ ನನಗೆ ಗೊತ್ತಿಲ್ಲ. ಗೆರೆಗಳು ಹೋಗಲಿಲ್ಲ. ನಲವತ್ತನೇ ದಿನ ಅವಳು ತಾನಾಗಿಯೇ, "ಇನ್ನು ನಾನು ಬಂದ್ರೆ ಎಣ್ಣೆ ದಂಡ" ಎಂದು ನಿಲ್ಲಿಸಿದಳು.

ನಮ್ಮ ತಪ್ಪು ನಮಗೆ ಕಾಣಿಸಲೇ ಇಲ್ಲ. ಬೀದಿಗೆ ಕಂಡಿತ್ತು. ಹುಡುಗಿ ನಾಲ್ಕೈದು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ, ಬೇರೆ ಊರಿನಲ್ಲಿದ್ದಳು. ಬಂದ ಮೇಲೆ ಮೈ ತುಂಬಿಕೊಂಡಿದ್ದಾಳೆ. ಮನೆಗೆ ನೀರು ಹಾಕುವ ಅಜ್ಜಿ ನಲವತ್ತು ಮುಂಜಾನೆ ಬಂದಳು, ಅದೂ ಹಿತ್ತಲ ಬಾಗಿಲಿನಿಂದ. ಬಚ್ಚಲಿನಿಂದ ಬಾಣಂತಿ ಮನೆಯ ಹೊಗೆ, ಬಾಣಂತಿ ಮನೆಯ ವಾಸನೆ. ಪಕ್ಕದ ಮನೆಯಾಕೆ ಬಾವಿಯ ಹತ್ತಿರ ನಗುತ್ತಲೇ ಕೇಳಿದ್ದರಂತೆ: "ಏನ್ರೀ, ನಿಮ್ಮನೇಲಿ ಯಾರು ಬಾಣಂತಿ?" ಅಮ್ಮ ಬೆದರಿ, "ನನಗೇ ಕಣ್ರೀ, ಸೊಂಟ ಹಿಡ್ಕೊಂಡಿದೆ" ಎಂದುಬಿಟ್ಟಳು. ಅಮ್ಮ ಆಗಲೇ ಎರಡು ಕೊಡ ನೀರು ಸೇದಿ, ಎರಡನ್ನೂ ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು.

ನನ್ನ ಮೈಮೇಲಿನ ಗೆರೆಗಳನ್ನು ಹೊರಗಿನವರು ಯಾರೂ ನೋಡಲಿಲ್ಲ. ಅವನ್ನು ಹೋಗಿಸುವ ಉಪಚಾರವನ್ನು ಎಲ್ಲರೂ ನೋಡಿದರು.

ಬೇಲೂರಿನಿಂದ ಕಾರ್ಡು ಬಂತು. ಕೆಲವು ಕಾರಣಗಳಿಂದ ಈ ಸಂಬಂಧ ಮುಂದುವರಿಸಲು ಅನುಕೂಲವಿಲ್ಲವೆಂದು. ಕಾರಣ ಏನೆಂದು ಮಧ್ಯಸ್ಥರು ಅಪ್ಪನಿಗೆ ಬಾಯಲ್ಲಿ ಹೇಳಿದರು. ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದವರು. ಅಂದು ಆಫೀಸಿಗೆ ಹೋಗುವಾಗ ಬೀದಿಯ ಮೂಲಕ ಹೋಗದೆ ಹಳಿಯ ಪಕ್ಕದಲ್ಲಿ ನಡೆದು ಹೋದರು. ತಿಂಗಳೊಳಗೆ ಇನ್ನೊಂದು ಮಾತು ಬಂತು. ತಿಪಟೂರಿನ ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿ, ಹೆಂಡತಿ ತೀರಿಕೊಂಡವರು. ಅವರ ಹಿರಿಯ ಮಗಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. "ಅಂಥ ಮಾತು ಕೇಳಿಯೂ ತಗೊಳ್ತೀನಿ ಅಂದಿದಾರಲ್ಲ" ಎಂದು ಅಮ್ಮ ಅಜ್ಜಿಯ ಮುಂದೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದೆ.

ಆ ದಿನಗಳಲ್ಲಿ ಪಕ್ಕದ ಮನೆಯ ಸೊಸೆಗೆ ಗಂಡು ಮಗುವಾಗಿತ್ತು. ನೀರು ಹಾಕುತ್ತಿದ್ದವಳು ಅಜ್ಜಿಯೇ. ನಲವತ್ತು ಕಳೆದು ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೀದಿಯ ಹೆಂಗಸರನ್ನೆಲ್ಲ ಕರೆದರು. ಬೇಲೂರಿನ ಹುಡುಗನ ಸೋದರತ್ತೆ ಆ ಮನೆಗೆ ನೆಂಟರು, ಅವರೂ ಬಂದಿದ್ದರು. ಹೋಗದಿದ್ದರೆ ಇನ್ನಷ್ಟು ಮಾತಾಡುತ್ತಾರೆಂದು ಅಮ್ಮ ನನ್ನನ್ನು ಎಳೆದುಕೊಂಡೇ ಹೋದಳು. ನಾನು ಕಂಬದ ಹಿಂದೆ ಕೂತಿದ್ದೆ. ಅಜ್ಜಿ ನಡುಮನೆಯ ಹೊಸ್ತಿಲ ಹತ್ತಿರ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕಾಡಿಗೆ ಹಚ್ಚುತ್ತಿದ್ದಳು.

ಸೋದರತ್ತೆ ಎಲೆಅಡಿಕೆ ಮಡಿಸುತ್ತ, ನಗುನಗುತ್ತ ಕೇಳಿದರು: "ಏನಜ್ಜಿ, ಈ ಬೀದೀಲಿ ಅಕ್ಕಪಕ್ಕ ಎರಡು ಮನೆಗೆ ನಲವತ್ತು ದಿನ ನೀರು ಹಾಕಿದ್ಯಂತೆ. ಈ ಮನೆ ಮಗು ತೊಟ್ಟಿಲಿಗೆ ಬಂತು. ಆ ಮನೆ ಮಗು ಎಲ್ಲಿ?"

ಯಾರೋ ಕಿಸಕ್ಕೆಂದರು. ಅಮ್ಮನ ಕೈ ನನ್ನ ಮೊಣಕೈಯನ್ನು ಹಿಡಿದಿತ್ತು.

"ಆ ಮನೇಲಿ ಮಗು ಇರ್ಲಿಲ್ಲ ಅಮ್ಮಾರೇ" ಎಂದಳು ಅಜ್ಜಿ. "ಅವರ ಹುಡುಗಿಗೆ ಜ್ವರ ಬಂದು ಹೋಗಿ, ಒಂದೇ ಸಲಕ್ಕೆ ಮೈ ಬಂತು. ಗೆರೆ ಬಿದ್ದವು. ಅದಕ್ಕೆ ಎಣ್ಣೆ ಹಚ್ಚಿದೆ."

"ಗೆರೆನೂ ಬಿದ್ದಿದಾವಾ! ಕೇಳಿದ್ರೇನ್ರೀ? ಹೆರದೆ ಹೊಟ್ಟೆ ಮೇಲೆ ಗೆರೆ ಬೀಳೋದಾದ್ರೆ ನಮ್ಮನೆ ಗೋಡೆ ಮೇಲೂ ಬೀಳ್ಬೇಕಿತ್ತು."

ಈ ಸಲ ಜೋರಾಗಿಯೇ ನಕ್ಕರು. ಅಜ್ಜಿ ನನ್ನತ್ತ ನೋಡಲಿಲ್ಲ. ಕಾಡಿಗೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಮಗುವನ್ನು ಎತ್ತಿ ಅದರ ತಾಯಿಯ ಮಡಿಲಿಗೆ ಕೊಟ್ಟಳು. ಕೊಟ್ಟಾದ ಮೇಲೆ ಎದ್ದು ನಿಂತಳು.

"ಬೀಳ್ತವೆ" ಎಂದಳು. "ನನಗೆ ಬಿದ್ದಿಲ್ವಾ? ನನ್ನ ಹೊಟ್ಟೆ ನೀವೆಲ್ಲ ನೋಡಿದೀರಿ. ನಾನು ಹೆತ್ತಿಲ್ಲ."

ಪಕ್ಕದ ಮನೆಯಾಕೆ, "ಏನಜ್ಜಿ ಹಂಗಂದ್ರೆ? ನಿಂಗೊಂದು ಗಂಡುಮಗು ಇತ್ತು ಅಂದಿದ್ದೆ?" ಎಂದರು.

"ಸುಳ್ಳು ಹೇಳ್ದೆ. ಬರಗಾಲದಾಗೆ ಮೂಳೆ ಕಾಣಂಗಿದ್ದೆ. ಮದ್ವೆ ಮಾಡಿ ಕೊಟ್ಟ ಮನೇಲಿ ರಾಗಿ ಇತ್ತು, ಎಮ್ಮೆ ಇತ್ತು, ಆರು ತಿಂಗ್ಳಾಗೆ ಊದ್ಕೊಂಡೆ. ಆಗ ಬಿದ್ದವು ಇವು. ಹತ್ತು ವರ್ಷ ನೋಡಿ ಬಂಜೆ ಅಂತ ಗಂಡ ಹೊರಗಾಕ್ದ. ಮಾದಿಹಳ್ಳೀಲಿ ಯಾರನ್ನಾದ್ರೂ ಕೇಳಿ." ಮಗುವಿನತ್ತ ಕೈ ತೋರಿ, "ಹೆತ್ತಿಲ್ಲ ಅಂದಿದ್ರೆ ನಿಮ್ಮ ಮಕ್ಕಳನ್ನ ನನ್ನ ಕೈಗೆ ಕೊಡ್ತಿದ್ರಾ?" ಎಂದಳು.

ನಂಬದೆ ಇರುವುದು ಅವರಿಗೆ ಸಾಧ್ಯವಿರಲಿಲ್ಲ. ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುವ ಸುಳ್ಳನ್ನು ಯಾರು ಹೇಳುತ್ತಾರೆ? ಸೋದರತ್ತೆ ಎಲೆಯನ್ನು ಬಾಯಿಗಿಡದೆ ತಟ್ಟೆಗೆ ಹಾಕಿದರು. ತಾಯಿ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು. ಅಜ್ಜಿಗೆಂದು ತಂದಿಟ್ಟಿದ್ದ ಸೀರೆಯನ್ನು ಪಕ್ಕದ ಮನೆಯಾಕೆ ಕೊಟ್ಟರು, ಆದರೆ ಕೈಗೆ ಕೊಡಲಿಲ್ಲ. ಹೊಸ್ತಿಲಿನ ಆಚೆ ನೆಲದ ಮೇಲೆ ಇಟ್ಟರು.

ಆ ಮಾತು ಎರಡೇ ದಿನದಲ್ಲಿ ಬಸ್ಸು ಹತ್ತಿ ಬೇಲೂರಿಗೆ ಹೋಯಿತು. ವಾರ ಕಳೆಯುವುದರೊಳಗೆ ಆ ಮನೆಯ ಹಿರಿಯರು ಬಂದು, ತಪ್ಪು ತಿಳುವಳಿಕೆಯಾಗಿತ್ತು, ಮದುವೆ ನಡೆಸೋಣ ಎಂದರು. ಅಪ್ಪ ಜೀವನದಲ್ಲಿ ಮೊದಲ ಸಲ, "ಬೇಡ" ಎಂದರು. ತಿಪಟೂರಿನ ಮಾತನ್ನೂ ಬಿಟ್ಟರು. ನಾನು ಮತ್ತೆ ಶಾಲೆಗೆ ಹೋದೆ, ಅಲ್ಲಿಂದ ಮೈಸೂರಿಗೆ ಕಾಲೇಜಿಗೆ ಹೋದೆ. ಇವತ್ತು ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದಾಗಲೆಲ್ಲ ಅದರ ಬೆಲೆಯನ್ನು ಕೊಟ್ಟವಳು ಯಾರೆಂದು ನೆನಪಾಗುತ್ತದೆ.

ಅಜ್ಜಿಯನ್ನು ಆಮೇಲೆ ಯಾರೂ ಕರೆಯಲಿಲ್ಲ. ಬಡವರ ಮನೆಯವರು ಕೆಲವು ದಿನ ಕರೆದರು, ಅವರೂ ಬಿಟ್ಟರು. ಹಿಂದೆ ಅವಳು ಮೀಯಿಸಿದ್ದ ಒಂದು ಮಗು ಕೆಮ್ಮಿನಿಂದ ಸತ್ತಿತ್ತು. ಅದು ಈಗ ಅವಳ ಲೆಕ್ಕಕ್ಕೆ ಬಂತು. ಅವಳು ಪೇಟೆಯ ಮಂಡಿಯಲ್ಲಿ ಕಾಯಿ ಒಡೆದು ಕೊಬ್ಬರಿ ಬಿಡಿಸುವ ಕೂಲಿಗೆ ಹೋದಳು. ರಜೆಗೆ ಬಂದಾಗ ಒಮ್ಮೆ ನೋಡಿದೆ. ಚಿಪ್ಪು ಹಿಡಿದ ಬೆರಳುಗಳಲ್ಲಿ ಉಗುರು ಬೆಳೆದಿತ್ತು.

ಇದಕ್ಕಿಂತ ಕೆಟ್ಟದ್ದನ್ನು ಬರೆಯುವುದಿದೆ.

ಅಷ್ಟರಲ್ಲಿ ಅಣ್ಣನಿಗೆ ಮದುವೆಯಾಗಿತ್ತು. ಅತ್ತಿಗೆಗೆ ತಾಯಿ ಇರಲಿಲ್ಲ, ಆದ್ದರಿಂದ ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಅತ್ತಿಗೆ ತಾನಾಗಿ, "ಆ ಅಜ್ಜಿನೇ ಬರಲಿ ಅತ್ತೆ" ಎಂದು ಕೇಳಿದ್ದಳು. ಅಮ್ಮ, "ಅವಳ ಉಪಕಾರ ಬೇರೆ, ಮಗುವಿನ ವಿಷಯ ಬೇರೆ. ನಂಗೆ ಧೈರ್ಯ ಇಲ್ಲಮ್ಮ" ಎಂದು ಇನ್ನೊಬ್ಬಳನ್ನು ಗೊತ್ತು ಮಾಡಿದಳು. ಐದನೇ ದಿನದ ಬೆಳಗ್ಗೆ ಅಜ್ಜಿ ಹಿತ್ತಲಿಗೆ ಬಂದು ನಿಂತಳು. ಉಗುರುಗಳನ್ನು ಮತ್ತೆ ಸವೆಸಿಕೊಂಡಿದ್ದಳು. ರಜೆಗೆ ಬಂದಿದ್ದ ನಾನು ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕೂತಿದ್ದೆ.

"ಬೇರೆಯವಳು ಬರ್ತಿದಾಳೆ ಅಜ್ಜಿ" ಎಂದಳು ಅಮ್ಮ.

"ಗೊತ್ತು ಅಮ್ಮಾರೇ. ಹಂಗೇ ನೋಡ್ಕೊಂಡು ಹೋಗಾನ ಅಂತ ಬಂದೆ. ಹಾಲು ಐತಾ ಆ ಕೂಸಿಗೆ?"

"ಇದೆ."

"ಹಂಗಾರೆ ಸರಿ."

ಮಗುವನ್ನು ತೋರಿಸಿ ಎಂದು ಅವಳು ಕೇಳಲಿಲ್ಲ. ಅಮ್ಮ ತೋರಿಸಲಿಲ್ಲ. ನಾನು ಎರಡು ವರ್ಷ ಕಾಲೇಜು ಓದಿದ್ದವಳು. ಚರ್ಮ ಯಾಕೆ ಬಿರಿಯುತ್ತದೆ, ಹಾಲು ಯಾಕೆ ಬತ್ತುತ್ತದೆ ಎಂದು ತಿಳಿದಿದ್ದವಳು. ಏಳಲಿಲ್ಲ, ಬಾಯಿ ಬಿಡಲಿಲ್ಲ. ಪುಟದ ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ.

ಆಮೇಲೆ ಅಜ್ಜಿ ಊರು ಬಿಟ್ಟು ಮಾದಿಹಳ್ಳಿಗೆ, ತಮ್ಮನ ಮನೆಗೆ ಹೋದಳು ಎಂದು ಕೇಳಿದೆ. ಒಂದು ಸಲ ಮಾತ್ರ ಅಲ್ಲಿಗೆ ಹೋಗಿದ್ದೆ. ಯುದ್ಧದ ಕಾಲದ ಇದ್ದಿಲಿನ ಬಸ್ಸು ಹಳೇಬೀಡಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಅಲ್ಲಿಂದ ನಡೆದೆ. ಅವಳು ದನದ ಕೊಟ್ಟಿಗೆಯ ಪಕ್ಕ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿತ್ತು. ಧ್ವನಿಯಿಂದ ಗುರುತು ಹಿಡಿದು, "ಓದೋ ಕೂಸಾ?" ಎಂದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬರಲಿಲ್ಲ. "ಅವತ್ತು ನೀನು ಹೇಳಬಾರದಿತ್ತು ಅಜ್ಜಿ" ಎಂದೆ.

"ಇನ್ನೇನು ಮಾಡಾದು? ಗೆರೆಗೆ ಮದ್ದಿಲ್ಲ ಅಂತ ಗೊತ್ತಿದ್ದೂ ಬಂದೋಳು ನಾನು. ನಿಮ್ಮವ್ವ ಅತ್ತಳು ಅಂತ ಬಂದೆ. ನಲವತ್ತು ದಿನ ನಾನು ಒಂದು ಮನೆಗೆ ಹೋದ್ರೆ ಜನ ಏನಂತಾರೆ ಅಂತ ನಿಮ್ಮವ್ವಂಗೆ ಹೊಳೀದೆ ಹೋದ್ರೂ ನಂಗೆ ಹೊಳೀಬೇಕಿತ್ತು." ಕಲ್ಲೊಂದನ್ನು ಬೆರಳಿನಿಂದಲೇ ಹುಡುಕಿ ತೆಗೆದು ಎಸೆದಳು. "ಹಚ್ಚಿದ್ದು ನಾನು ಮಗಾ. ತೆಗೀಬೇಕಾದ್ದೂ ನಾನೇಯ."

ಅತ್ತಿಗೆಯ ಮಗುವಿಗೆ ನಡೆಯಲು ಬಂತೇ ಎಂದು ಕೇಳಿದಳು. ಬಂತು ಎಂದೆ. ನಮ್ಮ ಮನೆಯ ಮೇಲೆ ಒಂದು ಮಾತೂ ಆಡಲಿಲ್ಲ. ನಾನು ಕ್ಷಮಿಸು ಎನ್ನಲಿಲ್ಲ. ಅಂಥ ಮಾತುಗಳು ನನಗೆ ಕಾಗದದ ಮೇಲೆ ಮಾತ್ರ ಬರುತ್ತವೆ, ಅವಳಿಗೆ ಓದಲು ಬರುತ್ತಿರಲಿಲ್ಲ.

ಹೋದ ವರ್ಷ ಅತ್ತಿಗೆಗೆ ಎರಡನೇ ಹೆರಿಗೆಯಾಯಿತು. ಹೆಣ್ಣುಮಗು. ಇಪ್ಪತ್ತನೇ ದಿನದ ಮಧ್ಯಾಹ್ನ ಅಜ್ಜಿಯ ತಮ್ಮ ಅರಸೀಕೆರೆಯ ಸಂತೆಗೆ ಬಂದವನು ನಮ್ಮ ಬಾಗಿಲಿಗೂ ಬಂದು, "ಅಕ್ಕ ಹೋಯ್ತು, ಎಂಟು ದಿನ ಆಯ್ತು. ನಿಮ್ಮನೇಲಿ ಹೇಳು ಅಂದಿತ್ತು" ಎಂದ. ಅಮ್ಮ ಒಳಗೆ ಹೋಗಿ ದೇವರ ಮನೆಯ ಬಾಗಿಲು ಹಾಕಿಕೊಂಡಳು. ನಾನು ಆತನಿಗೆ ಮಜ್ಜಿಗೆ ಕೊಟ್ಟೆ. ಕೊನೆಗೆ ಸ್ನಾನ ಮಾಡಿಸಿದವರು ಯಾರು ಎಂದು ಕೇಳಿದೆ. "ಮನೆ ಹೆಂಗಸ್ರು ಮೈನೆರೆದ ಮಕ್ಕಳಿರೋರು, ಬಂಜೆ ಹೆಣ ಮುಟ್ಟಕ್ಕೆ ಹೆದರಿದ್ರು ಅಮ್ಮಾ. ನಾನೇ ಒಂದೆರಡು ಕೊಡ ಸುರಿದೆ" ಎಂದ.

ಮರುದಿನ ಬೆಳಗ್ಗೆ ನೀರು ಹಾಕುವವಳು ಬರುವ ಮೊದಲೇ ಎದ್ದು ಬಚ್ಚಲ ಒಲೆ ಹಚ್ಚಿದೆ. ಅವಳು ಬಂದಾಗ, ಇವತ್ತು ಒಲೆ ನೋಡಿಕೊಂಡರೆ ಸಾಕು ಎಂದೆ. ಅಮ್ಮ ಬಾಗಿಲಿಗೆ ಬಂದು, "ಏನೇ ಇದು? ಮದುವೇನೂ ಆಗದವಳು ನೀನು, ಬಾಣಂತೀನ ಮುಟ್ಟಬಾರದು ಕಣೇ" ಎಂದಳು. ನಾನು ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಂಡೆ. ಅತ್ತಿಗೆ ನನ್ನ ಮುಖ ನೋಡಿದಳು. ನೋಡಿ, ಮಣೆಯ ಮೇಲೆ ಬೆನ್ನು ಕೊಟ್ಟು ಕೂತಳು. ಎಣ್ಣೆ ತಿಕ್ಕಿದೆ, ಬೆನ್ನಿಗೆ, ಸೊಂಟಕ್ಕೆ, ಹೊಟ್ಟೆಗೆ. ಹಂಡೆಯ ನೀರು ಮುಗಿಯುವವರೆಗೂ ಹಾಕಿದೆ. ಆಮೇಲೆ ಕಾಲು ಚಾಚಿ ನೆಲದ ಮೇಲೆ ಕೂತು, ಮಗುವನ್ನು ಕೊಡು ಎಂದು ಅಮ್ಮನತ್ತ ಎರಡೂ ಕೈ ನೀಡಿದೆ. ಅಮ್ಮ ಮಗುವನ್ನು ಎದೆಗೆ ಅವುಚಿಕೊಂಡು ಬಹಳ ಹೊತ್ತು ನಿಂತಿದ್ದಳು. ನಾನು ಕೈ ಇಳಿಸಲಿಲ್ಲ. ಕೊನೆಗೆ ಕೊಟ್ಟಳು.